ಇಗರ್ಜಿಯಲ್ಲಿ ಎರಡು ಹೆಸರು

ಪುಚೊಂಗ್, ಮಲೇಷ್ಯಾ, ನವೆಂಬರ್ ೧೯೯೮

ಅಪ್ಪಾ,

ವಿಳಾಸ ಗೊತ್ತಿಲ್ಲದೆಯೇ ಬರೆಯುತ್ತಿದ್ದೇನೆ. ನೀವು ಊರು ಬಿಟ್ಟು ಬಂದು ಬಡಗಿ ಕೆಲಸ ಮಾಡಿದ ರಬ್ಬರ್ ಎಸ್ಟೇಟ್ ಈಗ ಇಲ್ಲ. ಕೂಲಿಗಳ ಲೈನುಮನೆಗಳೆಲ್ಲ ಕುಸಿದಿವೆ. ನಡುವೆ ನೀವೆಲ್ಲ ಸೇರಿ ಕಟ್ಟಿದ ನಮ್ಮ ಆರ್ಥೊಡಾಕ್ಸ್ ಇಗರ್ಜಿ ಮಾತ್ರ ನಿಂತಿತ್ತು. ಅದನ್ನು ರಿಪೇರಿ ಮಾಡಿಸಿ ಇವತ್ತು ಮತ್ತೆ ತೆರೆದರು. ಬಲಿಪೀಠವನ್ನು ಗೆದ್ದಲು ತಿಂದಿತ್ತು, ಹೊಸದು ಮಾಡಿಸಿದ್ದಾರೆ. ನೀವು ಕೆತ್ತಿದ ಶಿಲುಬೆ ಉಳಿದಿದೆ. ಯಾರೋ ಬಳಿದಿದ್ದ ಹಸಿರು ಪೇಂಟು ಕೆರೆದ ಮೇಲೆ ನಿಮ್ಮ ಉಳಿಯ ಗುರುತುಗಳು ಕಂಡವು. ನಾನು ಮುಟ್ಟಲಿಲ್ಲ.

ಕುರ್ಬಾನದ ಪೂಜೆಗೆ ಮೊದಲು, ನಮ್ಮ ಬ್ರಹ್ಮಾವರದವರೇ ಆದ ಫಾದರ್ ನೋಯೆಲ್ ಪ್ರಾರ್ಥನೆಗೆ ಹೆಸರುಗಳನ್ನು ಕೇಳಿದರು.

“ಡಾಕ್ಟ್ರೇ, ನಿಮ್ಮ ಅಪ್ಪನ ಹೆಸ್ರು ಯಾವುದ್ರಲ್ಲಿ ಹೇಳ್ಬೇಕು? ಬದುಕಿದ್ದವರಲ್ಲೋ, ತೀರಿಹೋದವರಲ್ಲೋ?”

ನಿಮ್ಮ ಕಾಗದಗಳು ನಿಂತ ಮೇಲೂ ಅಮ್ಮ ಊರಿನ ಇಗರ್ಜಿಯಲ್ಲಿ ನಿಮ್ಮ ಹೆಸರನ್ನು ಬದುಕಿದ್ದವರ ಜೊತೆಗೇ ಹೇಳಿಸುತ್ತಿದ್ದಳು. ಯಾರು ಏನಂದರೂ ಬದಲಾಯಿಸಲಿಲ್ಲ.

“ಬದುಕಿದ್ದವರಲ್ಲೇ ಇರ್ಲಿ, ಫಾದರ್” ಅಂದೆ.

ನಿಮ್ಮ ಹೆಸರು ಮೊದಲು ಬಂತು. ಎಲ್ಲರ ಜೊತೆ ತಲೆ ಬಾಗಿಸಿದೆ. ಆಮೇಲೆ ತೀರಿಹೋದವರ ಸರದಿ ಬಂದಾಗ ಅಮ್ಮನ ಹೆಸರು ಓದಿದರು.

ಅದು ನಿಮಗೆ ಗೊತ್ತಿರಲಿಕ್ಕಿಲ್ಲ.