ಮೂರನೇ ದಿನ ಬಿಚ್ಚಿದ ಹೊಲಿಗೆ

ಬೈಲಹೊಂಗಲ, ೧೯೯೭ರ ಮೇ ತಿಂಗಳು

ನಮ್ಮ ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ತಮ್ಮ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ಮೆಮೊ ಬರುತ್ತದೆ, ಇನ್ನಷ್ಟು ಮೆಮೊ ಇಡಲು ನನ್ನ ಟ್ರಂಕಿನಲ್ಲಿ ಜಾಗವಿಲ್ಲ. ವಿಷಯ ಇಷ್ಟು. ಈ ತಿಂಗಳ ಮೂವತ್ತೊಂದಕ್ಕೆ ನರ್ಸಾಗಿ ನನ್ನ ಒಂದು ವರ್ಷದ ಪರೀಕ್ಷಾ ಅವಧಿ ಮುಗಿಯುತ್ತದೆ, ಅದರ ಜೊತೆ ನೌಕರಿಯೂ ಮುಗಿಯುತ್ತದೆ ಎಂದು ತಾವು ಪತ್ರ ಕೊಟ್ಟಿದ್ದೀರಿ. ಕಾರಣ, ನನಗೆ ಕೆಲಸ ಕಲಿಸಲು ತಾವೇ ನೇಮಿಸಿದ ಹಿರಿಯ ಶುಶ್ರೂಷಕಿ, ಅಂದರೆ ನಮ್ಮ ದೊಡ್ಡ ಸಿಸ್ಟರ್ ಅವರ ವರದಿ: "ಈಕೆಗೆ ರೋಗಿಗಳನ್ನು ಗುರುತಿಸಲು ಬರುವುದಿಲ್ಲ." ಮಾನ್ಯರೇ, ಈ ಒಂದು ವಾಕ್ಯ ಸುಳ್ಳು. ನನ್ನ ತಕರಾರು ಅದು.

ಮನೆಯ ಮಾತನ್ನು ಪತ್ರಿಕೆಗೆ ಯಾಕೆ ತಂದಳು ಎಂದು ತಾವು ಕೇಳಬಹುದು. ಮೂರು ಸಲ ಅರ್ಜಿ ಬರೆದೆ. ಕಚೇರಿಯ ಗುಮಾಸ್ತರಾದ ಬಸವಣ್ಣೆಪ್ಪನವರು ಮೂರೂ ಸಲ ಬಹಳ ಮರ್ಯಾದೆಯಿಂದ ವಾಪಸು ಕೊಟ್ಟರು.

"ಅರ್ಜಿ ಮ್ಯಾಗ ನಿಮ್ಮ ದೊಡ್ಡ ಸಿಸ್ಟರ್ ಸಹಿ ಬೇಕ್ರಿ ಅಕ್ಕಾರ. ರೂಲ್ ಐತಿ."

"ಅರ್ಜಿ ಅವರ ಮ್ಯಾಗೇ ಐತಲ್ರಿ?"

"ಹಂಗಾರ ಮೊದಲ ಅವರ ಓದೂದು ಚಲೋ ಆತಲ್ರಿ."

ಇಂಥ ನಿಯಮ ಹೊಳೆದ ತಲೆಗೆ ನನ್ನ ಶರಣು. ಆದರೆ ನಾಲ್ಕನೇ ಅರ್ಜಿಗೆ ಬೇರೆ ಅಂಚೆ ಪೆಟ್ಟಿಗೆ ಹುಡುಕುವುದು ಅನಿವಾರ್ಯವಾಯಿತು.

ದೊಡ್ಡ ಸಿಸ್ಟರ್ ಅವರ ಬೋಧನಾ ಕ್ರಮವನ್ನು ತಾವು ಕಣ್ಣಾರೆ ಕಂಡಿರಲಿಕ್ಕಿಲ್ಲ. ವಾರ್ಡು ತಮ್ಮ ಕಚೇರಿಯಿಂದ ಹದಿನಾಲ್ಕು ಮೆಟ್ಟಿಲು ಮೇಲಿದೆ. ಮೊದಲ ದಿನ ಅವರು ನನ್ನ ಚಪ್ಪಲಿಯಿಂದ ತಲೆಯವರೆಗೆ ನೋಡಿ, "ಯಾವೂರಾಕಿ?" ಎಂದರು. "ನೇಸರಗಿರಿ ಸಿಸ್ಟರ್." "ಅದಕ್ಕ," ಎಂದರು. ಅಷ್ಟೇ. ಅದಕ್ಕ ಅಂದರೆ ಯಾವುದಕ್ಕ ಎಂದು ನಾನು ಒಂದು ತಿಂಗಳು ವಿಚಾರ ಮಾಡಿದೆ. ಔಷಧಿಯ ಪ್ರಮಾಣ ಗೊತ್ತಾಗದೆ ಕೇಳಿದರೆ, "ಮೂರು ವರ್ಷ ಬೆಳಗಾವ್ಯಾಗ ಏನ್ ಕಲ್ತಿ? ಬುಕ್ಕ ತಗದ ನೋಡು." ಬುಕ್ಕು ತೆಗೆದರೆ, ಇಡೀ ವಾರ್ಡಿಗೆ ಕೇಳುವಂತೆ, "ಬರ್ರಿ, ನೋಡ್ರಿ, ಪೇಷಂಟ್ ಬಿಟ್ಟು ಬುಕ್ಕಿಗೆ ಔಷಧ ಕೊಡಾಕತ್ತಾಳ ನಮ್ಮ ಡಾಕ್ಟರ್ ಬಾಯಾರು." ಕೇಳದೆ ಮಾಡಿದರೆ, ಯಾರನ್ನ ಕೇಳಿ ಮಾಡಿದಿ. ರೋಗಿಗಳು ನಗುತ್ತಿದ್ದರು. ಅವರದೇನೂ ತಪ್ಪಿಲ್ಲ, ಹಾಸಿಗೆಯಲ್ಲಿ ಬಿದ್ದವರಿಗೆ ಹೊತ್ತು ಹೋಗಬೇಕಲ್ಲ.

ಮೊದಲ ತಿಂಗಳು ನಾನು ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ ಅಳುತ್ತಿದ್ದೆ. ಅಲ್ಲಿಗೂ ಅವರು ಬಂದು ಚಾದರು ಎಣಿಸತೊಡಗಿದ ಮೇಲೆ ನೇಸರಗಿ ಬಸ್ಸಿನಲ್ಲಿ ಅಳುತ್ತಿದ್ದೆ. ಐದನೇ ತಿಂಗಳಿಗೆ ಅಳು ನಿಂತಿತು. ಯಾವ ದಿನ ನಿಂತಿತೋ ಗೊತ್ತಾಗಲಿಲ್ಲ. ಬೈದರೆ "ಹೂಂರಿ ಸಿಸ್ಟರ್", ಬೈಯದಿದ್ದರೂ "ಹೂಂರಿ ಸಿಸ್ಟರ್". ಭಾನುವಾರ ಮನೆಯಲ್ಲಿ ನನ್ನವ್ವ ಗುರವ್ವ ರೊಟ್ಟಿ ತಟ್ಟುತ್ತ, "ಯಾಕ ಮಾತಾಡವಲ್ಲಿ?" ಎಂದಳು. ಸ್ವಲ್ಪ ಹೊತ್ತಿಗೆ "ಏನಿಲ್ಲವ್ವ" ಎಂದೆ. "ಏನಿಲ್ಲ ಅನ್ನಾಕ ಇಷ್ಟ ಹೊತ್ತ ಬೇಕನು?" ಎಂದು ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ. ರುಚಿ ಕೇಳಬೇಡಿ.

ಈಗ ಗುರುತಿಸುವ ಮಾತಿಗೆ ಬರುತ್ತೇನೆ. ಸವದತ್ತಿ ಯಲ್ಲಮ್ಮನ ಕೃಪೆಯಿಂದ ನಮ್ಮ ಸೀಮೆಯಲ್ಲಿ ಯಲ್ಲವ್ವರಿಗೆ ಕೊರತೆಯಿಲ್ಲ. ಹೋದ ತಿಂಗಳು ಹೆಂಗಸರ ವಾರ್ಡಿನಲ್ಲಿ ಇಬ್ಬರಿದ್ದರು. ಇಬ್ಬರಿಗೂ ಹೊಟ್ಟೆಯ ಆಪರೇಷನ್ ಆಗಿತ್ತು. ಕಾರ್ಡಿನಲ್ಲಿ ಗಂಡನ ಹೆಸರು ಬರೆಯಬೇಕು. ಗಂಡನ ಹೆಸರು ಹೇಳುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಬೇಕು. ಚಚಡಿಯ ಯಲ್ಲವ್ವ ಸೆರಗು ಬಾಯಿಗೆ ಹಿಡಿದು, "ನಿಮ್ಮ ಕ್ಯಾಲೆಂಡರ್‌ದಾಗ ಹುಲಿ ಚರ್ಮದ ಮ್ಯಾಗ ಕುಂತಾನಲ್ರಿ, ಅವನ ಹೆಸರ," ಎಂದಳು. ಮಹಾದೇವ ಎಂದು ಬರೆದುಕೊಂಡೆ. ಹೂಲಿಯ ಯಲ್ಲವ್ವ, "ರಾಮನ ಸಂಗಾಟ ಅಡವಿಗೆ ಹೋದಾಂವರಿ," ಎಂದಳು. ಲಕ್ಷ್ಮಣ. ಸಾಲದ್ದಕ್ಕೆ ಇಬ್ಬರ ಮುಂಗೈಗೂ ಅಂಟುಪಟ್ಟಿ ಸುತ್ತಿ ಊರಿನ ಹೆಸರು, ಆಪರೇಷನ್ ಆದ ತಾರೀಖು ಬರೆದೆ. ದೊಡ್ಡ ಸಿಸ್ಟರ್ ಅದನ್ನು ನೋಡಿ, "ಸಂತ್ಯಾಗ ಎಮ್ಮಿಗೆ ಗುರುತ ಹಾಕಿದಂಗ ಹಾಕೀಯೇನವಾ," ಎಂದು ಇಬ್ಬರ ಕೈಯಿಂದಲೂ ಕಿತ್ತು ಹಾಕಿದರು. "ಇಪ್ಪತ್ತಾರು ವರ್ಷ ಆತು, ನನಗ ಪಟ್ಟಿ ಬೇಕಾಗಿಲ್ಲ. ಇನ್ನ ನಾ ಕೇಳೂತನಕ ಬಾಯಿ ತಗೀಬ್ಯಾಡ."

ಎರಡು ದಿನ ಬಿಟ್ಟು ಮುಂಜಾನೆ ಹೂಲಿಯ ಯಲ್ಲವ್ವನ ಹೊಲಿಗೆ ಬಿಚ್ಚಬೇಕಿತ್ತು. ಅವಳಿಗೆ ಅಂದು ಎಂಟನೇ ದಿನ, ಚಚಡಿಯವಳಿಗೆ ಮೂರನೇ ದಿನ. ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತು, "ಏ ಯಲ್ಲವ್ವಾ, ಹೊಲಿಗಿ ಬಿಚ್ಚೂದೈತಿ ಬಾ," ಎಂದರು. ಹೂಲಿಯವಳು ನಳದ ಕಡೆ ಹೋಗಿದ್ದಳು. ಕರೆದ ಹೆಸರು ತನ್ನದೇ ಆದ್ದರಿಂದ ಚಚಡಿಯವಳು ಹೊಟ್ಟೆ ಹಿಡಿದುಕೊಂಡು ಎದ್ದು ಬಂದು ಟೇಬಲ್ ಮೇಲೆ ಮಲಗಿದಳು.

"ಅಕ್ಕಾರ, ನಂದು ಇಷ್ಟ ಲಗೂನ?" ಎಂದು ಕೇಳಿದಳು.

"ಮಾತಾಡಬ್ಯಾಡ. ಹೊಟ್ಟಿ ಸಡ್ಲ ಬಿಡು."

ಆಕೆ ನನ್ನ ಕಡೆ ನೋಡಿದಳು. ಕತ್ತರಿ, ಚಿಮಟ, ಅರಳೆ ಇಟ್ಟ ಟ್ರೇ ಹಿಡಿದವಳು ನಾನೇ. ಇವಳು ಚಚಡಿಯವಳು, ಮಹಾದೇವನ ಹೆಂಡತಿ, ಮೂರನೇ ದಿನ ಎಂದು ನನಗೆ ಗೊತ್ತಿತ್ತು. ನಾನು ಟ್ರೇ ನೋಡಿದೆ. ದೊಡ್ಡ ಸಿಸ್ಟರ್ ಕತ್ತರಿ ಆಡಿಸುತ್ತ ನನ್ನ ಕಡೆಗೇ ತಿರುಗಿ, ಟ್ರೇ ಎಷ್ಟು ಎತ್ತರ ಹಿಡಿಯಬೇಕು ಎಂಬ ಪಾಠ ಹೇಳುತ್ತಿದ್ದರು. ಟ್ರೇಯನ್ನು ಎರಡು ಬೆರಳು ಮೇಲೆತ್ತಿದೆ. ನಾಲ್ಕನೇ ಹೊಲಿಗೆಗೆ ಗಾಯ ಬಾಯಿ ಬಿಟ್ಟಿತು.

ಡಾಕ್ಟರು ಓಡಿ ಬಂದು ಮತ್ತೆ ಹೊಲಿದರು. ಕೀವು ತುಂಬಿ, ಜ್ವರ ಬಂದು, ಐದಾರು ದಿನದಲ್ಲಿ ಮನೆಗೆ ಹೋಗಬೇಕಾದವಳು ಮೂರು ವಾರ ಮಲಗಿದಳು. ಬದುಕಿದಳು. ವರದಿಯಲ್ಲಿ ಮಾತ್ರ ರೋಗಿಯನ್ನು ಟೇಬಲ್ಲಿಗೆ ತಂದವಳು ನಾನಾದೆ. ಆ ದಿನ ಮನೆಗೆ ಹೋಗಿ ಉಂಡೆ, ಮಲಗಿದೆ, ನಿದ್ದೆಯೂ ಬಂತು. ಬೈಗುಳ ನನ್ನನ್ನು ಅಂಜಿಸಿರಲಿಲ್ಲ, ಈ ನಿದ್ದೆ ಅಂಜಿಸಿತು.

ಆದ್ದರಿಂದ, ಮಾನ್ಯರೇ, ನನ್ನನ್ನು ತೆಗೆಯುವುದಾದರೆ ಸರಿಯಾದ ಕಾರಣ ಕೊಟ್ಟು ತೆಗೆಯಿರಿ. "ಗುರುತಿಸಲು ಬರುವುದಿಲ್ಲ" ಎಂಬುದನ್ನು ಹೊಡೆದು ಹಾಕಿ, "ಗುರುತಿಸಿಯೂ ಸುಮ್ಮನಿದ್ದಳು" ಎಂದು ಬರೆಸಿರಿ. ಅದರ ಕೆಳಗೆ, ಸುಮ್ಮನಿರುವುದನ್ನು ಹನ್ನೊಂದು ತಿಂಗಳು ತಪ್ಪದೆ ಕಲಿಸಿದವರು ಯಾರು ಎಂಬುದನ್ನೂ ಬರೆಸಿರಿ. ಕಲಿಸಲು ಬರುವುದಿಲ್ಲ ಎಂದು ನಾನು ಅವರನ್ನು ದೂರುತ್ತಿಲ್ಲ. ಅವರು ಕಲಿಸಿದ್ದನ್ನು ನಾನು ಚೆನ್ನಾಗಿಯೇ ಕಲಿತೆ. ಒಂದನೇ ತಾರೀಖಿಗೆ ರಾಮದುರ್ಗದಿಂದ ಹೊಸ ಹುಡುಗಿಯೊಬ್ಬಳು ಬರುತ್ತಾಳಂತೆ, ಆಕೆಯನ್ನೂ ಇದೇ ದೊಡ್ಡ ಸಿಸ್ಟರ್ ಕೈಕೆಳಗೆ ಹಾಕುವ ಆದೇಶ ಟೈಪಾಗಿದೆಯಂತೆ. ಅದಕ್ಕೆ ಇನ್ನೂ ಸಹಿ ಬಿದ್ದಿಲ್ಲ ಎಂದು ಬಸವಣ್ಣೆಪ್ಪನವರೇ ಹೇಳಿದರು. ಪೆನ್ನು ಜೇಬಿನಲ್ಲೇ ಇರಲಿ.

ಬರುವ ಗುರುವಾರ ಚಚಡಿಯ ಯಲ್ಲವ್ವ ಗಾಯ ತೋರಿಸಲು ಬರುತ್ತಾಳೆ. ಅಂದು ತಾವು ಆ ಹದಿನಾಲ್ಕು ಮೆಟ್ಟಿಲು ಹತ್ತಬೇಕು. ದೊಡ್ಡ ಸಿಸ್ಟರ್ ಅವರನ್ನೂ ನನ್ನನ್ನೂ ಆಕೆಯ ಎದುರು ನಿಲ್ಲಿಸಿ, ಅಂದು ಏನಾಯಿತೆಂದು ಕೇಳಬೇಕು. ಯಾರೂ ಕೇಳದಿದ್ದರೂ ನಾನು ಆಕೆಗೆ ಹೇಳುವವಳೇ: ಯಲ್ಲವ್ವ, ನನಗೆ ಗೊತ್ತಿತ್ತು.

ಇಂತಿ,
ಮೂವತ್ತೊಂದರವರೆಗೆ ಮಾತ್ರ ತಮ್ಮ ನೌಕರಳಾದ,
ಗಂಗಾ ನೀಲಪ್ಪ, ನೇಸರಗಿ
(ದೊಡ್ಡ ಸಿಸ್ಟರ್ ಅವರ ಸಹಿ ಇಲ್ಲದ ಅರ್ಜಿ)