ಆನೆಯನ್ನು ಎಬ್ಬಿಸದ ನಲವತ್ತು ದಿನ

ಏಳನೇ ಕಡಲಕಂಬ
ಫೆಬ್ರವರಿ ೩೦, ಇಸವಿ ೨೩೮೭

ಮುನ್ನೂರು ಚಿಲ್ಲರೆ ವರ್ಷ ಹಿಂದೆ ಕೂತು, ಯಂತ್ರದೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿಯಮ ಬರೆಯುತ್ತಿರುವ ಹಿರಿಯರಿಗೆ ಜಲಜಳ ನಮಸ್ಕಾರ. ನಿಮಗೆ ಇಪ್ಪತ್ತೈದೇ ವಯಸ್ಸಾಗಿದ್ದರೂ ನನಗೆ ನೀವು ಮುತ್ತಜ್ಜನ ಮುತ್ತಜ್ಜ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹನ್ನೊಂದು ವರ್ಷದಿಂದ ಸಮುದ್ರದ ನಡುವಿನ ಈ ಕಂಬದ ಮೇಲೆ ಒಬ್ಬಳೇ ಇದ್ದೇನೆ, ಮಾತಿನ ಅಭ್ಯಾಸ ತಪ್ಪಿದೆ.

ಅಲೆಯಿಂದ ವಿದ್ಯುತ್ತು ತೆಗೆದು ದಡಕ್ಕೆ ಕಳಿಸುವುದು ಕಂಬದ ಕೆಲಸ. ನಮಗೆ ಉಳಿಯುವುದು ಚೂರುಪಾರು, ಅದರಲ್ಲೇ ಒಲೆ, ದೀಪ, ಯಂತ್ರ ಎಲ್ಲ ನಡೆಯಬೇಕು. ಯಂತ್ರಕ್ಕೆ ಎರಡು ಮಿದುಳು. ಚಿಕ್ಕದನ್ನು ಇರುವೆ ಎನ್ನುತ್ತೇವೆ. ಅದು ನಿಧಾನ, ತಿನ್ನುವುದೂ ಕಡಿಮೆ. ದೊಡ್ಡದು ಆನೆ. ಅದು ಎದ್ದರೆ ಕ್ಷಣದಲ್ಲಿ ಕೆಲಸ ಮುಗಿಸುತ್ತದೆ, ಜೊತೆಗೆ ಒಂದು ದಿನದ ವಿದ್ಯುತ್ತನ್ನೂ ಮುಗಿಸುತ್ತದೆ. ಕಂಬದಿಂದ ಕಂಬಕ್ಕೆ ಕಾಗದ ಹೋಗಲು ಆನೆಯೇ ಬೇಕು. ಅದಕ್ಕೇ ಪ್ರತಿ ಕಾಗದಕ್ಕೂ ‘ತುರ್ತು’ ಅಥವಾ ‘ತಾಳು’ ಎಂದು ಗುರುತು ಹಾಕುತ್ತೇವೆ. ‘ತಾಳು’ ಎಂದದ್ದನ್ನೆಲ್ಲ ಇರುವೆ ಕೂಡಿಡುತ್ತದೆ. ನಲವತ್ತು ದಿನಕ್ಕೊಮ್ಮೆ ಆನೆ ಎದ್ದು ಒಟ್ಟಿಗೇ ಕಳಿಸುತ್ತದೆ. ಈ ಜಾಣತನ ನಿಮ್ಮ ಕಾಲದಿಂದಲೇ ಬಂದದ್ದು.

ಎಂಟನೇ ಕಂಬದಲ್ಲಿ ನಾಗವೇಣಿ ಅಕ್ಕ ಇದ್ದರು. ನಾನು ಅವರ ಮುಖ ನೋಡಿರಲಿಲ್ಲ. ಆದರೂ ದಿನಕ್ಕೊಂದು ಕಾಗದ ತಪ್ಪದೆ ಬರೆಯುತ್ತಿದ್ದರು, ನಾನೂ ಬರೆಯುತ್ತಿದ್ದೆ. ನಮ್ಮ ಹರಟೆಗೆ ‘ತಾಳು’ ಎಂದೇ ಹಾಕೋಣ ಎಂದವಳು ನಾನು. ತಾಳಿದವನು ಬಾಳಿಯಾನು ಎಂದು ಗಾದೆಯನ್ನೂ ಸೇರಿಸಿದ್ದೆ.

ಹೋದ ವರ್ಷ ಅಕ್ಕನ ನಲವತ್ತು ದಿನದ ಕಾಗದಗಳ ಕಂತೆ ಬಂತು. ಹತ್ತೊಂಬತ್ತನೇ ದಿನದ ಕಾಗದದಲ್ಲಿ ಒಣಮೀನಿನ ಚಟ್ನಿ ಹಾಳಾದ ಕತೆ, ಕೊನೆಗೆ ಹೀಗೆ: “ನಿನ್ನೆಯಿಂದ ಎದೆ ಒಂಚೂರು ಹಿಡಿದ ಹಾಗೆ ಆಗ್ತದೆ ಮಾರಾಯ್ತಿ. ತುರ್ತು ಎಂತದ್ದೂ ಇಲ್ಲ, ಸುಮ್ಮನೆ ಆನೆಯನ್ನು ಯಾಕೆ ಎಬ್ಬಿಸುವುದು?” ಇಪ್ಪತ್ತನೇ ದಿನದ್ದು ಎರಡೇ ಸಾಲು. ಆಮೇಲೆ ಕಾಗದವೇ ಇಲ್ಲ. ದೋಣಿಯಲ್ಲಿ ಅಲ್ಲಿಗೆ ಐದು ಗಂಟೆಯ ದಾರಿ. ಹೋದೆ. ಇಪ್ಪತ್ತು ದಿನ ತಡವಾಗಿತ್ತು.

ಇಪ್ಪತ್ತೊಂದನೇ ದಿನ ಕಾಗದ ಬರೆದಿಲ್ಲವೆಂಬುದು ಅವರ ಇರುವೆಗೆ ಅಂದೇ ಗೊತ್ತಿತ್ತು. ಕೆಲಸ ಕಡಿಮೆಯಾಯಿತೆಂದು ಅದು ಇನ್ನಷ್ಟು ನಿಧಾನಿಸಿತು. ಆ ತಿಂಗಳು ಎಲ್ಲರಿಗಿಂತ ಕಡಿಮೆ ವಿದ್ಯುತ್ತು ಬಳಸಿದ್ದಕ್ಕೆ ದಡದಿಂದ ಅಕ್ಕನ ಹೆಸರಿಗೆ ಮೆಚ್ಚುಗೆ ಬಂತು. ಅದನ್ನು ನೆನೆದರೆ ಮೈ ಉರಿಯುತ್ತದೆ. ನನ್ನ ಮೇಲಿನ ಸಿಟ್ಟು ಇನ್ನೂ ಹೆಚ್ಚು.

ಉಳಿತಾಯ ಬೇಡವೆನ್ನುವುದಿಲ್ಲ, ಅದಿಲ್ಲದೆ ಇಲ್ಲಿ ಯಾರೂ ಬದುಕಲಾರರು. ಒಂದೇ ಒಂದು ಸಾಲು ಸೇರಿಸಿ: ದಿನಾ ಬರುವ ಕೆಲಸ ಒಂದು ದಿನ ಬರದಿದ್ದರೆ, ಆನೆಯನ್ನು ಎಬ್ಬಿಸು.

ಈಗ ಎಂಟನೇ ಕಂಬದಲ್ಲಿ ಯಾರೂ ಇಲ್ಲ. ಆದರೂ ವಾರಕ್ಕೊಮ್ಮೆ ‘ತುರ್ತು’ ಎಂದು ಗುರುತು ಹಾಕಿ “ಅಕ್ಕ, ಊಟ ಆಯ್ತಾ?” ಎಂದು ಕಳಿಸುತ್ತೇನೆ. ಆ ದಿನ ನನ್ನ ಒಲೆಗೆ ವಿದ್ಯುತ್ತಿರುವುದಿಲ್ಲ. ಅವಲಕ್ಕಿ ನೆನೆಸಿಕೊಂಡು ತಿನ್ನುತ್ತೇನೆ.