ರಾಬರ್ಟ್‌ಸನ್‌ಪೇಟೆಯ ಬೂಟಿನಂಗಡಿ

ಜನಕಪುರಿ, ದೆಹಲಿ
೧೨ ನವೆಂಬರ್ ೨೦೨೪

ಪ್ರೀತಿಯ ಅಮ್ಮನಿಗೆ ಸುಮಿತ್ರಾಳ ನಮಸ್ಕಾರಗಳು.

ದೀಪಾವಳಿಗೆ ಬರೆಯಬೇಕಿದ್ದ ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ. ಈ ಸುದ್ದಿಯನ್ನು ಕೂಗಿ ಹೇಳಲು ನನಗೂ ಮನಸ್ಸಿಲ್ಲ. ತಂಗಿ ಧಾರಿಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿಕೋ.

ಅಮ್ಮ, ನಿನ್ನ ಮಗ ಧನುಷ್ ಸಿಕ್ಕಿದ್ದಾನೆ. ಚೆನ್ನಾಗಿದ್ದಾನೆ.

ನನ್ನ ಮಗಳು ಇಂಚರಾ ಆಫೀಸಿನ ಕೆಲಸಕ್ಕೆಂದು ಇಲ್ಲೇ ದೆಹಲಿಯ ಓಖ್ಲಾದ ಒಂದು ಸಣ್ಣ ಬೂಟಿನ ಕಾರ್ಖಾನೆಗೆ ಹೋಗಿದ್ದಳು. ಅಲ್ಲಿ ಚರ್ಮ ಕತ್ತರಿಸುವ ಮಾಸ್ಟರ್ ಒಬ್ಬರು ಕೆಟ್ಟು ನಿಂತ ಮಿಷನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದರಂತೆ. ಇವಳು, "ಅಂಕಲ್, ಆಪ್ ಕನ್ನಡದವರಾ?" ಅಂದಿದ್ದಾಳೆ. ಊರು ಕೆಜಿಎಫ್, ರಾಬರ್ಟ್‌ಸನ್‌ಪೇಟೆ ಅಂದರಂತೆ. ನಮ್ಮಮ್ಮನ ಊರೂ ಅದೇ, ಪೇಟೆಬೀದಿಯ ಬೂಟಿನಂಗಡಿಯವರು ಎಂದು ಇವಳು ಹೇಳುತ್ತಲೇ ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರಂತೆ. ಅವನೇ ನಮ್ಮ ಧನುಷ್.

ಭಾನುವಾರ ಮನೆಗೆ ಬಂದ. ತಲೆ ಅರ್ಧ ನರೆತಿದೆ. ಬಾಗಿಲಲ್ಲೇ ನಿಂತವನನ್ನು ಕೈ ಹಿಡಿದು ಒಳಗೆ ಕರೆದುಕೊಂಡೆ. ಮುದ್ದೆ, ಮಸ್ಸೊಪ್ಪು ಮಾಡಿದ್ದೆ. ಉಣ್ಣುತ್ತಾ ಬೀದಿಯ ಒಂದೊಂದೇ ಅಂಗಡಿಯ ಕ್ಷೇಮ ಕೇಳಿದ. ಗಡಿಯಾರದ ಅಂಗಡಿ ಈಗ ಮೊಬೈಲ್ ಅಂಗಡಿ ಎಂದೆ, ಬೇಕರಿಯ ಬನ್ನಿನ ವಾಸನೆ ಹಾಗೇ ಇದೆ ಎಂದೆ. ಬ್ರಿಟಿಷರ ಕಾಲದಲ್ಲಿ ಮುತ್ತಾತ ತೆರೆದ ನಮ್ಮ ಅಂಗಡಿಗೆ ಸಂಬಳದ ದಿನ ಗಣಿಯವರು ಹೇಗೆ ಮುತ್ತುತ್ತಿದ್ದರು, ಹೊಸ ಬೂಟು ಮೆಟ್ಟಿ ಬೀದಿಯುದ್ದ ಹೇಗೆ ಟಕಟಕ ನಡೆದು ನೋಡುತ್ತಿದ್ದರು ಎಂದು ಇಂಚರಾಗೆ ಅವನೇ ಹೇಳಿದ. ನಗುತ್ತಲೂ ಇದ್ದ.

ಗಣಿ ಮುಚ್ಚಿದ ವರ್ಷ ಅಪ್ಪ ಆಡಿದ ಮಾತು ಮಾತ್ರ ಅವನೆದೆಯಲ್ಲಿ ಹಾಗೇ ಇದೆ. "ಅಂಗಡಿ ಮಾರೋ ಮಾತಾಡೋನು ಈ ಮೆಟ್ಟಿಲು ಹತ್ತಬೇಡ ಅಂದ್ರು. ಸಿಟ್ಟು ಇಳಿದಿರುತ್ತೆ ಅಂತ ಎಷ್ಟೋ ಸಲ ಟಿಕೆಟ್ ತೆಗೆದೆ ಅಕ್ಕ. ಸ್ಟೇಷನ್ನಿಂದಲೇ ವಾಪಸ್ ಬಂದೆ."

ಈ ಸಲ ನಾನು ಜೊತೆಗಿರುತ್ತೇನೆ. ಇಪ್ಪತ್ತೆರಡನೇ ತಾರೀಕು ಊರಲ್ಲಿರುತ್ತೇವೆ. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಬೇಡ, ತಲೆ ನೇವರಿಸು ಸಾಕು. ಧಾರಿಣಿಯ ಮಕ್ಕಳಿಗೆ ಈ ದೊಡ್ಡಮ್ಮನ ಮುತ್ತು. ನಿನ್ನ ಹರಕೆ ನಮ್ಮೆಲ್ಲರನ್ನೂ ಕಾಯಲಿ.

ನಿನ್ನ
ಸುಮಿತ್ರಾ

ತಾ.ಕ.: ಅಮ್ಮ, ಅಪ್ಪ ತೀರಿಕೊಂಡದ್ದನ್ನು ಅವನಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚೀಲದಿಂದ ಒಂದು ಜೊತೆ ಬೂಟು ತೆಗೆದು ನನ್ನ ಮುಂದಿಟ್ಟ. ಅಪ್ಪನಿಗೆಂದು ತಾನೇ ಹೊಲಿದದ್ದಂತೆ. "ವಯಸ್ಸಾದ ಮೇಲೆ ಪಾದ ಊದಿಕೊಳ್ಳುತ್ತೆ ಅಲ್ವಾ? ಒಂದು ಸೈಜ್ ದೊಡ್ಡದೇ ಮಾಡಿದೀನಿ. ಅಪ್ಪಂಗೆ ಆಗುತ್ತಾ ಅಕ್ಕ?" ಎಂದು ಕೇಳಿದ.

ಆಗುತ್ತೆ ಅಂದೆ.